'ರೂತ್‌ಲೆಸ್' ಮತ್ತು 'ನಿರ್ದಾಕ್ಷಿಣ್ಯ': ಅರ್ಥ, ಪ್ರಯೋಗ ಹಾಗೂ ಆಡಳಿತ ಕನ್ನಡ

ಇಂಗ್ಲಿಷಿನ 'ರೂತ್‌ಲೆಸ್' ಎಂಬ ವಿಶೇಷಣಕ್ಕೆ ಕನ್ನಡದಲ್ಲಿ ಸಂವಾದಿ ಪದ ಯಾವುದು ಎಂಬ ಪ್ರಶ್ನೆ ಮೇಲುನೋಟಕ್ಕೆ ಸರಳವಾದುದು. ನಿರ್ದಯ, ನಿಷ್ಕರುಣ, ಕ್ರೂರ, ಕನಿಕರವಿಲ್ಲದ ಎಂಬ ಪರ್ಯಾಯಗಳನ್ನು ಸಾಲಾಗಿ ಕೊಟ್ಟು ಮುಂದೆ ಸಾಗುವುದು ನಿಘಂಟುಗಳ ರೂಢಿ. ಆದರೆ ವೃತ್ತಪತ್ರಿಕೆ, ಸರ್ಕಾರಿ ಸುತ್ತೋಲೆ, ಸಭಾಭಾಷಣಗಳ ಕನ್ನಡವನ್ನು ಗಮನಿಸಿದರೆ ಈ ಪದದ ಜಾಗದಲ್ಲಿ ಮತ್ತೆ ಮತ್ತೆ ಬಂದು ಕೂರುವುದು ಬೇರೊಂದು ಪದ, ಅದು 'ನಿರ್ದಾಕ್ಷಿಣ್ಯ'. ತನ್ನ ಕ್ರಮವನ್ನು 'ನಿರ್ದಯ ಕ್ರಮ'ವೆಂದು ಯಾವ ಅಧಿಕಾರಿಯೂ ಕರೆದುಕೊಳ್ಳುವುದಿಲ್ಲ. 'ನಿರ್ದಾಕ್ಷಿಣ್ಯ ಕ್ರಮ'ವೆಂದು ಕರೆದುಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಮೊದಲನೆಯದು ನಿಂದೆ, ಎರಡನೆಯದು ಬಹುಮಟ್ಟಿಗೆ ಪ್ರಶಂಸೆ. ಇಂಗ್ಲಿಷು ಒಂದೇ ಪದದಲ್ಲಿ ಬೆರೆಸಿಟ್ಟಿರುವ ಎರಡು ಅರ್ಥಗಳನ್ನು ಕನ್ನಡ ಬೇರೆಬೇರೆಯಾಗಿ ಇಟ್ಟುಕೊಂಡಿದೆ ಎಂಬುದು ಇದರಿಂದ ತಿಳಿಯುತ್ತದೆ. ಈ ಭೇದ ಎಲ್ಲಿಂದ ಬಂತು, ಎಲ್ಲಿ ಅಳಿಸಿಹೋಗುತ್ತಿದೆ, ಅಳಿಸಿಹೋದಾಗ ಯಾರಿಗೆ ಏನಾಗುತ್ತದೆ ಎಂಬುದನ್ನು, ಗಾವಡಗೆರೆಯನ್ನು ಒಳಗೊಂಡ ಹುಣಸೂರು ತಾಲ್ಲೂಕಿನ ಇತಿಹಾಸದ ಎರಡು ನಿದರ್ಶನಗಳ ಆಧಾರದಿಂದ ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ.

ಮೊದಲು ಇಂಗ್ಲಿಷ್ ಪದದ ಹುಟ್ಟನ್ನು ನೋಡಬಹುದು. 'ರೂತ್‌ಲೆಸ್' ಎಂಬುದರಲ್ಲಿ 'ರೂತ್' ಎಂಬ ನಾಮಪದವೂ 'ಇಲ್ಲದ' ಎಂಬರ್ಥದ 'ಲೆಸ್' ಪ್ರತ್ಯಯವೂ ಇವೆ. 'ರೂತ್' ಎಂದರೆ ಕರುಣೆ, ಮರುಕ. ಅದು 'ರೂ' ಎಂಬ ಕ್ರಿಯಾಪದದಿಂದ ಬಂದದ್ದು. 'ರೂ' ಎಂದರೆ ಪರಿತಪಿಸು, ಪಶ್ಚಾತ್ತಾಪಪಡು. 'ಟ್ರೂ' ಎಂಬುದರಿಂದ 'ಟ್ರೂತ್', 'ಸ್ಟೀಲ್' ಎಂಬುದರಿಂದ 'ಸ್ಟೆಲ್ತ್' ಆದಂತೆ 'ರೂ' ಎಂಬುದರಿಂದ 'ರೂತ್' ಆಗಿದೆ. ಹದಿನಾಲ್ಕನೆಯ ಶತಮಾನದ ಹೊತ್ತಿಗೆ 'ರೂತ್‌ಲೆಸ್' ಪದ ಬಳಕೆಗೆ ಬಂದಿತ್ತು. ಹದಿನೇಳನೆಯ ಶತಮಾನದಲ್ಲಿ ಮಿಲ್ಟನ್ ಕವಿ ತನ್ನ 'ಲಿಸಿಡಸ್' ಎಂಬ ಶೋಕಗೀತೆಯಲ್ಲಿ 'ರೂತ್' ಪದವನ್ನು ಬಳಸಿದ್ದಾನೆ. ಇಂದು ಆ ನಾಮಪದ ನಿತ್ಯದ ಇಂಗ್ಲಿಷಿನಲ್ಲಿ ಉಳಿದಿಲ್ಲ. 'ರೂತ್‌ಫುಲ್' ಎಂಬ ಅದರ ಜೊತೆಗಾರ ಪದವೂ ಮರೆಯಾಗಿದೆ. ಬೈಬಲಿನ ರೂತಳ ಹೆಸರು ಹೀಬ್ರೂ ಮೂಲದ್ದು; ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೀಗೆ ಕರುಣೆಯನ್ನು ಹೇಳುವ ಪದ ಸತ್ತು, ಅದರ ಅಭಾವವನ್ನು ಹೇಳುವ ಪದ ಮಾತ್ರ ಬದುಕಿಕೊಂಡ ಒಂದು ವಿಚಿತ್ರ ಪ್ರಸಂಗ ಇಂಗ್ಲಿಷಿನಲ್ಲಿ ನಡೆದಿದೆ. ತನ್ನಲ್ಲಿ ಏನು ಇಲ್ಲವೆಂದು ಹೇಳಲಾಗುತ್ತಿದೆಯೋ ಅದರ ನೆನಪೇ ಆ ಪದಕ್ಕೆ ಉಳಿದಿಲ್ಲ.

ಕನ್ನಡದಲ್ಲಿ ಇದಕ್ಕೆ ನೇರ ಸಮಾನಾಂತರವೊಂದಿದೆ. ನಿಘಂಟುಗಳು ಅದರತ್ತ ಅಷ್ಟಾಗಿ ಗಮನ ಸೆಳೆಯುವುದಿಲ್ಲ. 'ಮರುಗು' ಎಂದರೆ ಒಳಗೇ ನೋಯು, ಸಂಕಟಪಡು. ಅದರಿಂದ ಆದ ನಾಮಪದ 'ಮರುಕ'. 'ಅಡಗು' ಎಂಬುದರಿಂದ 'ಅಡಕ' ಆದ ಬಗೆಯೇ ಇಲ್ಲಿಯೂ ಇದೆ. 'ರೂ' ಎಂಬುದರಿಂದ 'ರೂತ್' ಆದದ್ದು ಹೇಗೋ, 'ಮರುಗು' ಎಂಬುದರಿಂದ 'ಮರುಕ' ಆದದ್ದೂ ಹಾಗೆಯೇ. ಯಾವ ಸಂಬಂಧವೂ ಇಲ್ಲದ ಎರಡು ಭಾಷೆಗಳು, ಇನ್ನೊಬ್ಬರ ನೋವಿಗೆ ತಾನೂ ನೋಯುವುದೇ ಕರುಣೆ ಎಂದು ಒಂದೇ ದಾರಿಯಲ್ಲಿ ಅರ್ಥವನ್ನು ಕಟ್ಟಿವೆ. ವ್ಯತ್ಯಾಸವೆಂದರೆ ಕನ್ನಡದಲ್ಲಿ ಕ್ರಿಯಾಪದ, ನಾಮಪದ ಎರಡೂ ಇಂದಿಗೂ ಜೀವಂತವಾಗಿವೆ. ಅವುಗಳ ಅಭಾವವನ್ನು ಹೇಳಲು ಒಂದೇ ಪದವಾಗಿ ಬೆಸೆದ ರೂಪ ಮಾತ್ರ ಬೆಳೆಯಲಿಲ್ಲ. ನಾಚಿಕೆಗೇಡಿ, ಮಾನಗೇಡಿ, ಲಜ್ಜೆಗೇಡಿ ಎನ್ನುವ ಕನ್ನಡಿಗರು 'ಮರುಕಗೇಡಿ' ಎನ್ನುವುದಿಲ್ಲ. 'ಮರುಕವಿಲ್ಲದವನು' ಎಂದು ಬಿಡಿಸಿಯೇ ಹೇಳಬೇಕು. ಅಚ್ಚಗನ್ನಡದ ಈ ಕೊರತೆಯನ್ನು ಸಂಸ್ಕೃತದ 'ನಿರ್' ಉಪಸರ್ಗ ತುಂಬಿಕೊಟ್ಟಿತು. ದಯೆಗೆ ನಿರ್ದಯವೂ ಕರುಣೆಗೆ ನಿಷ್ಕರುಣವೂ ದಾಕ್ಷಿಣ್ಯಕ್ಕೆ ನಿರ್ದಾಕ್ಷಿಣ್ಯವೂ ಜೊತೆಯಾದವು.

'ರೂತ್‌ಲೆಸ್' ಪದದ ಅರ್ಥವ್ಯಾಪ್ತಿಯನ್ನು ಗುರುತಿಸಲು ಅದರ ನೆರೆಯ ಪದವಾದ 'ಕ್ರೂಯೆಲ್' ಎಂಬುದರೊಡನೆ ಇಟ್ಟು ನೋಡುವುದು ಅಗತ್ಯ. 'ಕ್ರೂಯೆಲ್' ಮತ್ತು ನಮ್ಮ 'ಕ್ರೂರ' ದೂರದ ಬಂಧುಗಳು. ಎರಡರ ಹಿಂದೆಯೂ ಹಸಿಮಾಂಸ, ನೆತ್ತರು ಎಂಬರ್ಥದ ಒಂದೇ ಪ್ರಾಚೀನ ಧಾತುವನ್ನು ಭಾಷಾಶಾಸ್ತ್ರಜ್ಞರು ಗುರುತಿಸುತ್ತಾರೆ. ರಾಕ್ಷಸರಿಗೆ ಅನ್ವಯಿಸುವ 'ಕ್ರವ್ಯಾದ' ಪದದಲ್ಲಿರುವುದೂ ಅದೇ. ಕ್ರೂರನಾದವನಿಗೆ ಇನ್ನೊಬ್ಬರ ನೋವೇ ಬೇಕಾಗಿರುತ್ತದೆ. 'ರೂತ್‌ಲೆಸ್' ಆದವನಿಗೆ ಆ ನೋವು ಬೇಕಾಗಿಲ್ಲ, ಬೇಡವೂ ಆಗಿಲ್ಲ. ಅವನಿಗೆ ಬೇಕಾದದ್ದು ಬೇರೆ ಯಾವುದೋ ಗುರಿ. ನಡುವೆ ಯಾರ ನೋವು ಅಡ್ಡಬಂದರೂ ಅವನು ನಿಲ್ಲುವುದಿಲ್ಲ. ಈ ಕಾರಣದಿಂದಲೇ ಸಂಸ್ಥೆಗಳನ್ನು, ಯಂತ್ರಗಳನ್ನು, ಮಾರುಕಟ್ಟೆಯನ್ನು 'ರೂತ್‌ಲೆಸ್' ಎಂದು ಕರೆಯುವುದು ಸುಲಭ, 'ಕ್ರೂಯೆಲ್' ಎಂದು ಕರೆಯುವುದು ಅಷ್ಟು ಸುಲಭವಲ್ಲ. ಕ್ರೌರ್ಯಕ್ಕೆ ಒಬ್ಬ ಮನುಷ್ಯ ಬೇಕು. ನಿರ್ದಯತೆಗೆ ಒಂದು ಕಡತ ಸಾಕಾಗುತ್ತದೆ. ಆದಕಾರಣ ನಿಘಂಟುಗಳು 'ರೂತ್‌ಲೆಸ್' ಪದಕ್ಕೆ 'ಕ್ರೂರ' ಎಂಬ ಅರ್ಥವನ್ನು ಮೊದಲಲ್ಲಿ ಕೊಡುವುದು ಉಚಿತವೆನಿಸದು.

ಕನ್ನಡದ ಆಡುಮಾತಿನಲ್ಲಿ ಈ ಭಾವಕ್ಕೆ ದೇಹದ ಅಂಗಗಳೇ ಆಧಾರ. ಕರುಳಿಲ್ಲದವನು, ಕಲ್ಲೆದೆಯವನು ಎಂಬ ಮಾತುಗಳು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಕಡೆಗೂ ಕನ್ನಡ ನಾಡಿನ ಉಳಿದೆಡೆಗಳಿಗೂ ಸಮಾನವಾದವು. ಕರುಳು ಎಂಬುದು ಬಂಧುತ್ವಕ್ಕೂ ಕರುಣೆಗೂ ಒಂದೇ ನೆಲೆ. 'ಕರುಳು ಚುರುಕ್ಕೆಂದಿತು' ಎಂಬಲ್ಲಿ ಅದು ಕರುಣೆ, 'ಕರುಳಕುಡಿ' ಎಂಬಲ್ಲಿ ಬಂಧುತ್ವ. 1611ರ ಇಂಗ್ಲಿಷ್ ಬೈಬಲ್ ಭಾಷಾಂತರವೂ ಗ್ರೀಕ್ ಮೂಲವನ್ನನುಸರಿಸಿ ಕರುಣೆಯನ್ನು ಕರುಳಿನಲ್ಲಿಯೇ ಇರಿಸಿದೆ. 'ಕಟುಕ' ಎಂಬ ಬೈಗುಳದಲ್ಲಿ ಒಂದು ಕಸುಬಿನವರ ಹೆಸರೇ ನಿರ್ದಯತೆಗೆ ಪರ್ಯಾಯವಾಗಿರುವುದು ಆ ಕಸುಬಿನವರಿಗೆ ನ್ಯಾಯವಾದುದಲ್ಲ. ಅದನ್ನು ಸಂವಾದಿ ಪದವಾಗಿ ಸೂಚಿಸದಿರುವುದೇ ಲೇಸು. 'ನಿಷ್ಠುರ'ದ ಕಥೆ ಬೇರೆ. ಸಂಸ್ಕೃತದಲ್ಲಿ ಕಠೋರ, ಕರ್ಕಶ ಎಂಬರ್ಥವಿದ್ದ ಈ ಪದ ಕನ್ನಡದ ಬಳಕೆಯಲ್ಲಿ 'ನಿಷ್ಠುರವಾದಿ'ಯಾಗಿ ಗೌರವ ಪಡೆದಿದೆ, 'ನಿಷ್ಠುರ ಕಟ್ಟಿಕೊಳ್ಳು' ಎಂಬಲ್ಲಿ ಬೇಡದ ಮನಸ್ತಾಪವಾಗಿದೆ.

ಇವೆಲ್ಲಕ್ಕಿಂತ ಗಮನಾರ್ಹವಾದುದು 'ಎದೆ ಕಲ್ಲು ಮಾಡಿಕೊಳ್ಳು' ಎಂಬ ನುಡಿಗಟ್ಟು. 'ಕಲ್ಲೆದೆ' ಎಂಬುದರಲ್ಲಿ ಎದೆ ಹುಟ್ಟಾ ಕಲ್ಲು. ಇಲ್ಲಿ ಅದು ಮೆದುವಾಗಿಯೇ ಇದ್ದು, ಒಂದು ಕೆಲಸ ಮುಗಿಯುವವರೆಗೆ ಮಾತ್ರ ಪ್ರಯತ್ನಪೂರ್ವಕವಾಗಿ ಕಲ್ಲಾಗುತ್ತದೆ. ಮಗಳನ್ನು ಗಂಡನ ಮನೆಗೆ ಕಳುಹಿಸುವ ತಾಯಿ, ದುಡಿದು ಹಣ್ಣಾದ ಎತ್ತನ್ನು ಸಂತೆಗೆ ಹೊಡೆಯುವ ರೈತ ಎದೆ ಕಲ್ಲು ಮಾಡಿಕೊಳ್ಳುತ್ತಾರೆ. ಇಂಥವರನ್ನು ಯಾರೂ ನಿರ್ದಯಿಗಳೆನ್ನರು. ಮರುಕ ಇದ್ದೂ ಅದನ್ನು ತಡೆದಿರಿಸಿಕೊಳ್ಳುವ ಸ್ಥಿತಿಗೆ ಕನ್ನಡದಲ್ಲಿ ಹೀಗೊಂದು ಪ್ರತ್ಯೇಕ ಮಾತಿದೆ ಎಂಬುದು ಮುಂದಿನ ಚರ್ಚೆಗೆ ಮುಖ್ಯ.

ಇನ್ನು 'ದಾಕ್ಷಿಣ್ಯ'. ಇದರ ಮೂಲ 'ದಕ್ಷಿಣ' ಪದ. ಬಲಗಡೆಯ, ಕುಶಲನಾದ, ಅನುಕೂಲನಾದ ಎಂಬುವು ಅದರ ಅರ್ಥಗಳು. ಲ್ಯಾಟಿನ್ನಿನ 'ಡೆಕ್ಸ್ಟರ್' ಇದಕ್ಕೆ ಸೋದರಪದ. 'ದಕ್ಷ' ಎಂಬುದೂ ಇದೇ ಕುಟುಂಬದ್ದು. ಆದುದರಿಂದ 'ದಕ್ಷ ಹಾಗೂ ನಿರ್ದಾಕ್ಷಿಣ್ಯ ಅಧಿಕಾರಿ' ಎಂಬ ಇಂದಿನ ಹೊಗಳಿಕೆಯಲ್ಲಿ ಒಂದೇ ಮೂಲದ ಗುಣವನ್ನು ಒಮ್ಮೆ ಇದೆಯೆಂದೂ ಒಮ್ಮೆ ಇಲ್ಲವೆಂದೂ ಹೇಳಿದಂತಾಗಿದೆ. ಲಂಚಕ್ಕೆ ವ್ಯಂಗ್ಯವಾಗಿ ಬಳಕೆಯಾಗುವ 'ದಕ್ಷಿಣೆ'ಯೂ ಈ ಸಂಸಾರಕ್ಕೇ ಸೇರಿರುವುದು ಇನ್ನೊಂದು ಸೋಜಿಗ. ಸಂಸ್ಕೃತ ನಾಟ್ಯಶಾಸ್ತ್ರದ ಸಂಪ್ರದಾಯದಲ್ಲಿ, ಹತ್ತನೆಯ ಶತಮಾನದ ಧನಂಜಯನ 'ದಶರೂಪಕ'ವೂ ಹೇಳುವಂತೆ, ಹೊಸ ಪ್ರಿಯತಮೆಯಲ್ಲಿ ಮನಸ್ಸಿಟ್ಟರೂ ಹಿಂದಿನವಳ ಮನ ನೋಯಿಸದೆ ನಡೆದುಕೊಳ್ಳುವವನು 'ದಕ್ಷಿಣ ನಾಯಕ'. ಅಲ್ಲಿ ದಾಕ್ಷಿಣ್ಯವೆಂದರೆ ಸೌಜನ್ಯ, ನಾಗರಿಕ ನಡವಳಿಕೆ.

ಕನ್ನಡಕ್ಕೆ ಬಂದಾಗ ಅದರ ಬಣ್ಣ ಬದಲಾಯಿತು. ಪರಿಚಿತರ ಮುಖ ನೋಡಿ 'ಇಲ್ಲ' ಎನ್ನಲಾಗದ ಸಂಕೋಚವೇ ಕನ್ನಡದ ದಾಕ್ಷಿಣ್ಯ. 'ಮುಖದಾಕ್ಷಿಣ್ಯ' ಎಂಬ ಸಮಾಸ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. 'ದಾಕ್ಷಿಣ್ಯಕ್ಕೆ ಬಸಿರಾದ ಹಾಗೆ' ಎಂಬ ಗಾದೆ ಈ ಸಂಕೋಚ ತಂದೊಡ್ಡುವ ಅನಾಹುತವನ್ನು ಮುಲಾಜಿಲ್ಲದೆ ಹೇಳುತ್ತದೆ. ಇಲ್ಲಿ ಬಂದ 'ಮುಲಾಜು' ಎಂಬ ಪದವೂ ಪರಿಶೀಲನಾರ್ಹ. ಅರಬ್ಬಿಯಲ್ಲಿ ನೋಡು, ಗಮನಿಸು ಎಂಬರ್ಥದ ಧಾತುವಿನಿಂದ ಹುಟ್ಟಿದ 'ಮುಲಾಹಜಾ' ಎಂಬುದು ಪಾರಸಿ, ಉರ್ದು, ಮರಾಠಿಗಳಲ್ಲಿ ಹಾದು ಕನ್ನಡದಲ್ಲಿ ಮುಲಾಜಾಗಿದೆ. ಮುಖ ನೋಡುವುದು, ಮುಲಾಜು, ಮುಖದಾಕ್ಷಿಣ್ಯ ಎಲ್ಲವೂ 'ನೋಟ'ಕ್ಕೆ ಸಂಬಂಧಿಸಿದವು. 'ಮುಖ ನೋಡಿ ಮಣೆ ಹಾಕು' ಎಂಬ ಗಾದೆಯೂ ಈ ಸಾಲಿನದೇ. ತಮಿಳಿನ ತಿರುಕ್ಕುರಳಿನಲ್ಲಿ ಅರಸನ ಗುಣಗಳನ್ನು ಹೇಳುವ ಭಾಗದಲ್ಲಿ 'ಕಣ್ಣೋಟ್ಟಂ' ಎಂಬ ಒಂದು ಅಧಿಕಾರವೇ ಇದೆ, ಅದು ಐವತ್ತೆಂಟನೆಯದು. ಕಣ್ಣು ಹರಿದು ಇನ್ನೊಬ್ಬನ ಮೇಲೆ ನಿಲ್ಲುವುದೇ ಅಲ್ಲಿ ದಾಕ್ಷಿಣ್ಯ. ತನ್ನ ಕರ್ತವ್ಯಕ್ಕೆ ಕುಂದು ಬಾರದಂತೆ ಈ ಗುಣವನ್ನು ಮೆರೆಯಬಲ್ಲವನಿಗೇ ಲೋಕ ಸಲ್ಲುತ್ತದೆ ಎಂಬುದು ತಿರುವಳ್ಳುವರರ ಅಭಿಪ್ರಾಯ. ಕರ್ತವ್ಯಕ್ಕೂ ಕಣ್ಣೋಟಕ್ಕೂ ವಿರೋಧವಿಲ್ಲವೆಂದು ಅವರು ಭಾವಿಸಿದ್ದರು. ಆಧುನಿಕ ಆಡಳಿತ ಭಾವಿಸುವುದು ಹಾಗಲ್ಲ.

ರಾಜನೀತಿಯ ಗ್ರಂಥಗಳಲ್ಲಿ ಈ ಸಮಸ್ಯೆಗೆ ಬೇರೊಂದು ಪರಿಭಾಷೆ ಇದೆ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಮುದ್ರಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ' ದಂಡವನ್ನು ತೀಕ್ಷ್ಣ, ಮೃದು, ಯಥಾರ್ಹ ಎಂದು ಮೂರಾಗಿ ನೋಡುತ್ತದೆ. ತೀಕ್ಷ್ಣದಂಡನಾದ ಅರಸನಿಂದ ಪ್ರಜೆಗಳು ಬೆದರುತ್ತಾರೆ, ಮೃದುದಂಡನನ್ನು ಕಡೆಗಣಿಸುತ್ತಾರೆ, ಯಥಾರ್ಹದಂಡನನ್ನು ಗೌರವಿಸುತ್ತಾರೆ. ಕಾಮಕ್ರೋಧಗಳಿಂದಲೋ ಅಜ್ಞಾನದಿಂದಲೋ ದಂಡವನ್ನು ತಪ್ಪಾಗಿ ಪ್ರಯೋಗಿಸಿದರೆ ಕಾಡಿನಲ್ಲಿರುವ ವಾನಪ್ರಸ್ಥರೂ ಪರಿವ್ರಾಜಕರೂ ಕೆರಳುತ್ತಾರೆಂದು ಕೌಟಿಲ್ಯ ಎಚ್ಚರಿಸುತ್ತಾನೆ. 'ನಿರ್ದಾಕ್ಷಿಣ್ಯ' ಎಂದು ಇಂದು ಕರೆಯುವುದು ಅದರ ಶುದ್ಧ ಅರ್ಥದಲ್ಲಿ 'ಯಥಾರ್ಹ'ಕ್ಕೆ ಹತ್ತಿರವಾದುದು. ಬಳಕೆಯಲ್ಲಿ ಅದು 'ತೀಕ್ಷ್ಣ'ದ ಕಡೆಗೆ ಜಾರುತ್ತಿದೆ.

ಶುದ್ಧ ಅರ್ಥ ಯಾವುದೆಂಬುದನ್ನು ಭಾರತ ಸಂವಿಧಾನದ ಮೂರನೆಯ ಅನುಸೂಚಿಯ ಪ್ರಮಾಣವಚನದಿಂದ ಅರಿಯಬಹುದು. ಸಚಿವರೂ ನ್ಯಾಯಾಧೀಶರೂ ನಾಲ್ಕನ್ನು ಬಿಟ್ಟು ಕೆಲಸ ಮಾಡುವುದಾಗಿ ಪ್ರಮಾಣ ಮಾಡುತ್ತಾರೆ: ಭಯ, ಪಕ್ಷಪಾತ, ರಾಗ, ದ್ವೇಷ. ಈ ನಾಲ್ಕರಲ್ಲಿ ದಯೆ ಇಲ್ಲ. ಪಕ್ಷಪಾತವನ್ನು ಬಿಡಬೇಕೆಂದ ಸಂವಿಧಾನ ದಯೆಯನ್ನು ಬಿಡಬೇಕೆಂದು ಯಾರಿಂದಲೂ ಪ್ರಮಾಣ ಮಾಡಿಸಿಕೊಂಡಿಲ್ಲ. 'ನಿರ್ದಾಕ್ಷಿಣ್ಯ'ದ ಗೌರವವೆಲ್ಲ ಈ ಮೊದಲ ನಾಲ್ಕನ್ನು ಬಿಟ್ಟದ್ದರಿಂದ ಬಂದದ್ದು. ಪ್ರಭಾವಿಗಳ ಮುಖ ನೋಡುವುದೇ ರೂಢಿಯಾದ ಸಮಾಜದಲ್ಲಿ ಮುಖ ನೋಡದವನು ಶ್ಲಾಘ್ಯನಾಗುವುದು ಸಹಜ.

ಈ ಶ್ಲಾಘ್ಯ ಅರ್ಥಕ್ಕೆ ಹುಣಸೂರು ತಾಲ್ಲೂಕಿನಿಂದಲೇ ನಿದರ್ಶನ ಕೊಡಬಹುದು. 1915ರಲ್ಲಿ ಈ ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಜನಿಸಿದ ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದರು. ಅವರ ಕಾಲದ ಭೂಸುಧಾರಣಾ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿಪದ್ಧತಿಯನ್ನು ರದ್ದುಪಡಿಸಿತು. ಗೇಣಿಯಲ್ಲಿದ್ದ ಜಮೀನು ಸರ್ಕಾರದಲ್ಲಿ ನಿಹಿತವಾಗಿ, ಉಳುವವನು ಅರ್ಜಿ ಸಲ್ಲಿಸಿ ಅಧಿಭೋಗದ ಹಕ್ಕು ಪಡೆಯುವ ವ್ಯವಸ್ಥೆಯಾಯಿತು. ತಾಲ್ಲೂಕುಗಳಲ್ಲಿ ರಚನೆಯಾದ ಭೂನ್ಯಾಯ ಮಂಡಳಿಗಳ ಸ್ವರೂಪ ಈ ಚರ್ಚೆಗೆ ಸಂಬಂಧಿಸಿದ್ದು. ಮಂಡಳಿಯಲ್ಲಿ ಅಧಿಕಾರಿಯ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರೂ ಇರುತ್ತಿದ್ದರು. ವಕೀಲರು ಹಾಜರಾಗಿ ವಾದಿಸಲು ಕಾಯಿದೆ ಆಗ ಅವಕಾಶ ಕೊಟ್ಟಿರಲಿಲ್ಲ. ಗೇಣಿದಾರನೇ ಎಂಬ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡಲಾಗಿತ್ತು. ಹಣ, ಪರಿಚಯ, ವಾಗ್ಬಲಗಳ ಮೂಲಕ ಒಳಬರುವ ದಾಕ್ಷಿಣ್ಯದ ಬಾಗಿಲುಗಳನ್ನು ಮುಚ್ಚುವ ಪ್ರಯತ್ನವದು. ಎಲ್ಲ ಮಂಡಳಿಗಳೂ ಹಾಗೆಯೇ ನಡೆದವೆಂದು ಹೇಳಲಾಗದು. ಜಾರಿಯ ಲೋಪಗಳ ಕುರಿತು ವಿಪುಲವಾದ ಚರ್ಚೆ ನಡೆದಿದೆ. ಗಂಡನನ್ನು ಕಳೆದುಕೊಂಡು ಸಣ್ಣ ಹಿಡುವಳಿಯನ್ನು ಗೇಣಿಗೆ ಕೊಟ್ಟಿದ್ದ ಹೆಂಗಸರೂ ಈ ಕಾಯಿದೆಯಿಂದ ಜಮೀನು ಕಳೆದುಕೊಂಡರೆಂಬುದು ಅದರ ಮೇಲಿನ ಹಳೆಯ ಆಕ್ಷೇಪ, ಅದು ತೂಕವಿಲ್ಲದ ಆಕ್ಷೇಪವೇನಲ್ಲ. ಆದರೂ ಇಲ್ಲಿ 'ನಿರ್ದಾಕ್ಷಿಣ್ಯ' ಎಂಬ ಪದ ತನ್ನ ಜಾಗದಲ್ಲಿಯೇ ಇದೆ. ಎದುರಿಗಿದ್ದವರಲ್ಲಿ ಬಹುಮಂದಿಗೆ ಮುಖವಿತ್ತು, ಆ ಮುಖಕ್ಕೆ ಬೆಲೆಯಿತ್ತು. ಕಾಯಿದೆ ಅದನ್ನು ನೋಡದಿರಲು ತೀರ್ಮಾನಿಸಿತ್ತು.

ಗೇಣಿದಾರನಾಗಲು ಜಮೀನಿನ ದಾಖಲೆಗೆ ಹೇಗಾದರೂ ಸಂಬಂಧವಿರಬೇಕು. ಅದೇ ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ, ಬಯಲಿನ ಗಾವಡಗೆರೆ ಹೋಬಳಿಯಿಂದ ದೂರದ ಹನಗೋಡು ಹೋಬಳಿಯ ಕಾಡಂಚಿನಲ್ಲಿ, ಒಡೆಯರೂ ಅಲ್ಲದ ಗೇಣಿದಾರರೂ ಅಲ್ಲದ ಜನರಿದ್ದರು. ಜೇನುಕುರುಬ, ಬೆಟ್ಟಕುರುಬ, ಯರವ ಸಮುದಾಯಗಳ ಹಾಡಿಗಳು ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿಯೂ ಕೊಡಗಿನಲ್ಲಿಯೂ ಹರಡಿವೆ. 'ನಿರ್ದಾಕ್ಷಿಣ್ಯ'ದ ಎರಡನೆಯ ಬಳಕೆಯನ್ನು ಪರಿಶೀಲಿಸಲು ಇವರ ಇತಿಹಾಸ ನೆರವಾಗುತ್ತದೆ.

ಕೊಡಗಿನ ಭಾಗದ ಅರಣ್ಯ 1955ರಲ್ಲಿ ಅಭಯಾರಣ್ಯವಾಯಿತು. ಮುಂದೆ ಮೈಸೂರು ಜಿಲ್ಲೆಯ ಅರಣ್ಯವೂ ಸೇರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ 1980ರ ದಶಕದಲ್ಲಿ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು. 1999ರಲ್ಲಿ ಅದು ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಈ ಅವಧಿಯಲ್ಲಿ ಕಾಡಿನೊಳಗಿನ ಹಾಡಿಗಳು ಹಂತಹಂತವಾಗಿ ಖಾಲಿಯಾದವು. 1999–2000ರ ಸುಮಾರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರ ರೂಪುಗೊಂಡಿತು. ಉಚ್ಚ ನ್ಯಾಯಾಲಯದಲ್ಲಿ ನಡೆದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯ ಕಾರಣದಿಂದ ಮೈಸೂರು ವಿಶ್ವವಿದ್ಯಾನ��ಲಯದ ಪ್ರಾಧ್ಯಾಪಕರಾಗಿದ್ದ ಮುಜಾಫರ್ ಅಸ್ಸಾದಿ ಅವರ ನೇತೃತ್ವದ ಸಮಿತಿ ರಚನೆಯಾಗಿ 2014ರಲ್ಲಿ ವರದಿ ಸಲ್ಲಿಸಿತು. ಹೀಗೆ ನೆಲೆ ಕಳೆದುಕೊಂಡ ಆದಿವಾಸಿ ಕುಟುಂಬಗಳ ಸಂಖ್ಯೆಯನ್ನು ಸಮಿತಿ 3,418 ಎಂದು ಗುರುತಿಸಿತು. ಪರಿಹಾರ ಪಡೆದು ಒಪ್ಪಿ ಹೊರಬಂದ ಕುಟುಂಬಗಳೂ ಇದ್ದವು. ಕಾಡಿನೊಳಗೆ ಶಾಲೆ, ಆಸ್ಪತ್ರೆಗಳಿಲ್ಲದ ಬದುಕು ಸಾಕೆಂದವರೂ ಇದ್ದರು. ಹುಲಿ, ಆನೆಗಳಿಗೆ ನಿರಾತಂಕವಾದ ಕಾಡು ಬೇಕೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ.

ಪ್ರಸ್ತುತ ಪ್ರಶ್ನೆ ಭಾಷೆಗೆ ಸಂಬಂಧಿಸಿದ್ದು. ಅರಣ್ಯದ ಸಂದರ್ಭದಲ್ಲಿ 'ಒತ್ತುವರಿ'ಯನ್ನು 'ನಿರ್ದಾಕ್ಷಿಣ್ಯವಾಗಿ ತೆರವುಗೊಳಿಸು' ಎಂಬುದು ಕನ್ನಡದ ಸಿದ್ಧವಾಕ್ಯಗಳಲ್ಲೊಂದು. ನೂರಾರು ಎಕರೆ ಅರಣ್ಯವನ್ನು ಬೇಲಿಯೊಳಗೆ ಸೇರಿಸಿಕೊಂಡ ತೋಟದ ಮಾಲೀಕನ ವಿಷಯದಲ್ಲಿ, ಮರಗಳ್ಳ ಸಾಗಾಣಿಕೆದಾರನ ವಿಷಯದಲ್ಲಿ ಈ ವಾಕ್ಯ ಸಾರ್ಥಕ. ಅವರ ಪರವಾಗಿ ಫೋನು ಮಾಡುವವರು ಇರುತ್ತಾರೆ, ಆ ಫೋನಿಗೆ ಬಗ್ಗದಿರುವುದು ಗುಣ. ಅದೇ ವಾಕ್ಯವನ್ನು ಹುಲ್ಲುಜೋಪಡಿಯ ಜೇನುಕುರುಬನಿಗೆ ಅನ್ವಯಿಸಿದಾಗ ಪದದ ಒಳಗೆ ಏನೂ ಉಳಿಯುವುದಿಲ್ಲ. ಅವನ ಪರವಾಗಿ ಫೋನು ಮಾಡುವವರಿಲ್ಲ. ಅವನ ಮುಖ ನೋಡಿ ಯಾರೂ ಮಣೆ ಹಾಕಿರಲಿಲ್ಲ. ಇರದ ದಾಕ್ಷಿಣ್ಯವನ್ನು ತೊರೆಯುವುದು ಸಾಧ್ಯವಿಲ್ಲ. ಅಲ್ಲಿ ತೊರೆಯಲು ಇದ್ದದ್ದು ದಯೆ ಮಾತ್ರ. ಅಂದರೆ ಕ್ರಿಯೆ ನಿರ್ದಯವಾದದ್ದು, ಹೆಸರು ಮಾತ್ರ ನಿರ್ದಾಕ್ಷಿಣ್ಯ. ಪ್ರಬಲರನ್ನು ಎದುರಿಸಿ ಗಳಿಸಿದ ಗೌರವವನ್ನು ಪದ ದುರ್ಬಲರ ಮೇಲೆ ಖರ್ಚು ಮಾಡುತ್ತದೆ. ಜೊತೆಯಲ್ಲಿ ಬರುವ ಇತರ ಪದಗಳೂ ಇದಕ್ಕೆ ನೆರವಾಗುತ್ತವೆ. 'ಒಕ್ಕಲೆಬ್ಬಿಸು' ಎಂಬ ಹಳೆಯ ಮಾತಿನಲ್ಲಿ ಒಂದು ಒಕ್ಕಲು, ಒಂದು ಸಂಸಾರ, ಕಣ್ಣಿಗೆ ಕಾಣುತ್ತದೆ. 'ತೆರವು', 'ಸ್ಥಳಾಂತರ' ಎಂಬ ಪದಗಳಲ್ಲಿ ಕಾಣುವುದು ಸ್ಥಳ ಮಾತ್ರ.

ಸಂಸತ್ತು 2006ರಲ್ಲಿ ಅಂಗೀಕರಿಸಿದ ಅರಣ್ಯ ಹಕ್ಕುಗಳ ಕಾಯಿದೆ ತನ್ನ ಪೀಠಿಕೆಯಲ್ಲಿ ಅರಣ್ಯವಾಸಿಗಳಿಗಾದದ್ದನ್ನು 'ಐತಿಹಾಸಿಕ ಅನ್ಯಾಯ' ಎಂದು ಹೆಸರಿಸಿತು. ಶಾಸನವೇ ಪದವನ್ನು ಬದಲಾಯಿಸಿದ ಅಪರೂಪದ ಸಂದರ್ಭವಿದು. ಆ ಕಾಯಿದೆಯ ಪ್ರಕಾರ ಹಕ್ಕಿನ ಅರ್ಜಿಯ ಪರಿಶೀಲನೆ ಮುಗಿಯುವವರೆಗೆ ಅರಣ್ಯವಾಸಿಯನ್ನು ತೆರವುಗೊಳಿಸುವಂತಿಲ್ಲ. ಹಾಗಿದ್ದರೂ 'ಒತ್ತುವರಿದಾರ' ಎಂಬ ಒಂದೇ ಪದ ತೋಟದ ಮಾಲೀಕನಿಗೂ ಹಾಡಿಯವನಿಗೂ ಬಳಕೆಯಾಗುವವರೆಗೆ 'ನಿರ್ದಾಕ್ಷಿಣ್ಯ' ಎಂಬ ಕ್ರಿಯಾವಿಶೇಷಣ ಇಬ್ಬರಿಗೂ ಸಮನಾಗಿ ಅಂಟಿಕೊಳ್ಳುತ್ತದೆ. ಶೇಕ್ಸ್‌ಪಿಯರ್ ತನ್ನ 'ಟೈಟಸ್ ಆಂಡ್ರೋನಿಕಸ್' ನಾಟಕದಲ್ಲಿ 'ರೂತ್‌ಲೆಸ್' ಎಂಬ ವಿಶೇಷಣವನ್ನು ಕಾಡಿಗೇ ಹಚ್ಚಿದ್ದಾನೆ. ಅಲ್ಲಿ ಕಾಡು ಕಿವುಡು, ಭೀಕರ. ಅದು ಅರಮನೆಯವರ ಕಣ್ಣಿನ ಕಾಡು. ಜೇನು, ಗೆಡ್ಡೆ, ಸೊಪ್ಪುಗಳನ್ನು ಅದರಿಂದಲೇ ಪಡೆದವರ ಪಾಲಿಗೆ ಆ ವಿಶೇಷಣ ಸೇರಬೇಕಾದ ಜಾಗ ಬೇರೆ.

ಭಾಷಾಂತರದಲ್ಲಿ ಈ ಗೊಂದಲ ಎರಡೂ ದಿಕ್ಕಿನಲ್ಲಿ ಕಾಣುತ್ತದೆ. ಭಾರತೀಯ ಇಂಗ್ಲಿಷಿನಲ್ಲಿ ಅಪರಾಧಿಗಳನ್ನು 'ರೂತ್‌ಲೆಸ್'ಆಗಿ ಹತ್ತಿಕ್ಕುತ್ತೇವೆ ಎಂಬ ರಾಜಕೀಯ ಹೇಳಿಕೆಗಳು ಸಾಮಾನ್ಯ. ಇಂಗ್ಲೆಂಡಿನ ಓದುಗನಿಗೆ ಅದು ಆತ್ಮನಿಂದೆಯಂತೆ ಕೇಳಿಸೀತು. ಮಾತನಾಡುವವರ ಮನಸ್ಸಿನಲ್ಲಿರುವುದು 'ಮುಲಾಜಿಲ್ಲದೆ' ಎಂಬ ದೇಶಭಾಷೆಯ ಮಾತು. ಇತ್ತ ಇಂಗ್ಲಿಷಿನಲ್ಲಿಯೂ ವ್ಯಾಪಾರ ಹಾಗೂ ಕ್ರೀಡೆಗಳ ಬರವಣಿಗೆಯಲ್ಲಿ ಈ ಪದ ಹೊಗಳಿಕೆಯಾಗಿದೆ. ಸೋಲುತ್ತಿರುವ ತಂಡವನ್ನು ಇನ್ನೂ ಕೆಳಗೆ ತುಳಿದರೆ ಅದು ಗುಣವೆನಿಸುತ್ತದೆ. ಕನ್ನಡದ ಕ್ರೀಡಾಪುಟಗಳು ಬೌಲರುಗಳನ್ನು 'ನಿರ್ದಯವಾಗಿ ದಂಡಿಸಿದರು' ಎಂದು ಬರೆಯುವಾಗ ಆ ಹೊಗಳಿಕೆಯನ್ನು ಹಾಗೆಯೇ ಎತ್ತಿಕೊಂಡಿವೆ. ಆಟದಲ್ಲಿ ಇದರಿಂದ ಯಾರ ಮನೆಯೂ ಹೋಗುವುದಿಲ್ಲವಾದ್ದರಿಂದ ಆಕ್ಷೇಪಿಸುವ ಅಗತ್ಯವಿಲ್ಲ.

ನಿಘಂಟುಕಾರನ ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. 'ರೂತ್‌ಲೆಸ್' ಪದಕ್ಕೆ ಮೊದಲ ಅರ್ಥವಾಗಿ 'ಮರುಕವಿಲ್ಲದ, ನಿರ್ದಯ' ಎಂದೂ, ಭಾರತೀಯ ಇಂಗ್ಲಿಷಿನ ವಿಶೇಷ ಪ್ರಯೋಗವೆಂದು ಸೂಚಿಸಿ 'ಮುಲಾಜಿಲ್ಲದ, ನಿರ್ದಾಕ್ಷಿಣ್ಯ' ಎಂದೂ ಬೇರೆಬೇರೆಯಾಗಿ ಕೊಡುವುದು ಸೂಕ್ತ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ 'ನಿರ್ದಾಕ್ಷಿಣ್ಯ'ಕ್ಕೆ ಯಾರ ಹಂಗಿಗೂ ಒಳಗಾಗದ, ಪಕ್ಷಪಾತವಿಲ್ಲದ ಎಂಬ ಅರ್ಥವನ್ನು ಮುಂದಿಡಬೇಕು. 'ಎದೆ ಕಲ್ಲು ಮಾಡಿಕೊಳ್ಳು' ಎಂಬುದನ್ನು ಈ ಎರಡರೊಳಗೂ ಸೇರಿಸಲಾಗದು. ಅದಕ್ಕೆ ಪ್ರತ್ಯೇಕ ಉಲ್ಲೇಖವೇ ಬೇಕು. 1963ರ ರಾಜಭಾಷಾ ಅಧಿನಿಯಮದ ನಂತರ ಆಡಳಿತ ಕನ್ನಡಕ್ಕಾಗಿ ಸಿದ್ಧವಾದ ಪದಕೋಶಗಳು ಪದಗಳನ್ನು ಪೂರೈಸಿದವು. ಯಾವ ಪದವನ್ನು ಯಾರ ವಿಷಯದಲ್ಲಿ ಬಳಸಬೇಕೆಂಬುದು ಪದಕೋಶದ ಕಾಲಂಗಳಲ್ಲಿ ಹಿಡಿಯುವ ಸಂಗತಿಯಲ್ಲ. ಅದನ್ನು ಪ್ರಯೋಗದ ಉದಾಹರಣೆಗಳಿಂದಲೇ ತೋರಿಸಬೇಕಾಗುತ್ತದೆ.

ಅಂಥ ಉದಾಹರಣೆಗಳು ಯಾವುದೇ ತಾಲ್ಲೂಕು ಕಚೇರಿಯ ಕಡತದಲ್ಲಿ ದೊರೆಯುತ್ತವೆ. ಅರ್ಜಿದಾರ ತನ್ನ ಮನವಿಯನ್ನು 'ದಯಮಾಡಿ', 'ದಯವಿಟ್ಟು' ಎಂಬ ಪದಗಳಿಲ್ಲದೆ ಬರೆಯಲಾರ. ಕನ್ನಡದಲ್ಲಿ ವಿನಂತಿಯ ವ್ಯಾಕರಣವೇ ದಯೆಯನ್ನು ಬೇಡುತ್ತದೆ. ಅತ್ತಕಡೆಯಿಂದ ಹೊರಡುವ ತಿಳಿವಳಿಕೆ ಪತ್ರದಲ್ಲಿ ಬರುವುದು 'ನಿರ್ದಾಕ್ಷಿಣ್ಯವಾಗಿ'. ಎರಡೂ ಪದಗಳು ಒಂದೇ ಕಡತದಲ್ಲಿ ಪುಟದ ಅಂತರದಲ್ಲಿ ಇರುತ್ತವೆ, ಒಂದು ಇನ್ನೊಂದಕ್ಕೆ ಉತ್ತರವಾಗಿರುವುದಿಲ್ಲ. ಹಾಗೆಂದು ಸರ್ಕಾರದ ಕನ್ನಡಕ್ಕೆ ಮರುಕದ ಪದವೇ ಗೊತ್ತಿಲ್ಲವೆಂದಲ್ಲ. ಸೇವೆಯಲ್ಲಿರುವಾಗ ತೀರಿಕೊಂಡ ನೌಕರನ ಕುಟುಂಬಕ್ಕೆ ಉದ್ಯೋಗ ಕೊಡುವ 1996ರ ನಿಯಮಗಳ ಹೆಸರಿನಲ್ಲಿಯೇ 'ಅನುಕಂಪ' ಇದೆ. ಅನುಕಂಪವೆಂದರೆ ಇನ್ನೊಬ್ಬರು ನಡುಗಿದಾಗ ಜೊತೆಗೆ ನಡುಗುವುದು. 'ಮರುಕ', 'ರೂತ್' ಎರಡಕ್ಕೂ ಸರಿಸಾಟಿಯಾದ ಪದ. ಆ ನಿಯಮಗಳಲ್ಲಿ ಯಾರು ಅರ್ಹರು, ಕುಟುಂಬದ ಸಂಕಷ್ಟವನ್ನು ಹೇಗೆ ಪರಿಗಣಿಸಬೇಕು, ಎಷ್ಟು ಕಾಲದೊಳಗೆ ಅರ್ಜಿ ಸಲ್ಲಿಸಬೇಕು ಎಂಬುದೆಲ್ಲವನ್ನೂ ಷರತ್ತು ಷರತ್ತಾಗಿ ಬರೆದಿಡಲಾಗಿದೆ.